ಸಿಂಗೂರಿನ ಝಿಂಗಾಕ್ಕೆ ಸಮುದ್ರ ಬಲು ದೂರ

ನ್ಯಾಲ್ಕಲ್: ಮಂಜ್ರಾ ನದಿ ಬೀದರ್ ಜಿಲ್ಲೆ ದಾಟಿ ನಮ್ಮ ಮಂಡಲದ ರಾಘವಾಪುರದ ಮಗ್ಗುಲಲ್ಲಿ ಹರಿದು ಮುಂದೆ ಸಿಂಗೂರು ಜಲಾಶಯ ಸೇರುತ್ತದೆ. ಸುಮಾರು 30 ಟಿಎಂಸಿ ಅಡಿ ಹಿಡಿಯುವ ಈ ಜಲಾಶಯ ಹೈದರಾಬಾದಿನ ದಾಹ ತೀರಿಸಿದ್ದು ಎಲ್ಲರಿಗೂ ಗೊತ್ತು. ಗಂಗಪುತ್ರ, ಮುದಿರಾಜ, ಬೆಸ್ತರ ಮನೆಗಳ ಒಲೆ ಉರಿಯುವುದೂ ಇದರಿಂದಲೇ ಎಂಬುದು ಅಷ್ಟಾಗಿ ಸುದ್ದಿಯಾಗುವುದಿಲ್ಲ.

ಇಲ್ಲಿನ ಬಲೆಗೆ ಬೀಳುವುದರಲ್ಲಿ ಒಳ್ಳೆ ರೇಟು ಬರುವುದು ಝಿಂಗಾಕ್ಕೆ. ತೆಲುಗಿನಲ್ಲಿ ರೊಯ್ಯ, ಮಂಗಳೂರು ಕಡೆ ಸಿಗಡಿ. ಬಲಿತ ಗಂಡಿಗೆ ಮೈಗಿಂತ ಉದ್ದದ ನೀಲಿ ಕೊಂಡಿ. ತೆಲಂಗಾಣ ಸರ್ಕಾರ 2016–17ರಲ್ಲಿ ಕೆರೆ, ಜಲಾಶಯಗಳಿಗೆ ಉಚಿತವಾಗಿ ಮೀನುಮರಿ ಬಿಡಲು ಶುರು ಮಾಡಿತು. ಮರುವರ್ಷ ಝಿಂಗಾ ಮರಿಯೂ ಸೇರಿತು.

ಈ ಝಿಂಗಾ ಬೆಳೆಯುವುದು ಸಿಹಿನೀರಿನಲ್ಲಿ, ಹೆರಿಗೆ ಮಾತ್ರ ಉಪ್ಪುನೀರಿನ ತವರಿನಲ್ಲೇ ಆಗಬೇಕು. ಹೆಣ್ಣು ಹೊಟ್ಟೆಯಡಿ ಸಾವಿರಾರು ಮೊಟ್ಟೆ ಹೊತ್ತು ತಿರುಗುತ್ತದೆ, ಸುಮಾರು 20 ದಿನಕ್ಕೆ ಒಡೆಯುತ್ತವೆ. ಆದರೆ ನದಿ ಸಮುದ್ರ ಸೇರುವ ಜಾಗದ ಸವಳು ನೀರು ಸಿಗದಿದ್ದರೆ ಆ ಕೂಸುಗಳು ಕೆಲವೇ ದಿನದಲ್ಲಿ ಸಾಯುತ್ತವೆ. ಸಿಂಗೂರಿನಿಂದ ಸಮುದ್ರಕ್ಕೆ ಹೋಗಬೇಕೆಂದರೆ ನಿಜಾಂಸಾಗರ ದಾಟಿ, ಕಂದಕುರ್ತಿಯಲ್ಲಿ ಗೋದಾವರಿ ಸೇರಿ, ಬಂಗಾಳ ಕೊಲ್ಲಿ ತನಕ ಹೋಗಬೇಕು. ನಡುವೆ ಅಣೆಕಟ್ಟುಗಳ ಸಾಲು. ಹಾಗಾಗಿ ಇಲ್ಲಿನ ಝಿಂಗಾಕ್ಕೆ ಮುಂದಿನ ಪೀಳಿಗೆ ಎಂಬುದೇ ಇಲ್ಲ. ಪ್ರತಿ ವರ್ಷ ಹ್ಯಾಚರಿಯಿಂದ ಮರಿ ಬರಲೇಬೇಕು.

ಕಡಲಿನ ಲೆಕ್ಕ ಬೇರೆ. ಮುಂಬೈ ಬಳಿ ಚಪ್ಪಟೆ ಜಾತಿಯ ಲಾಬ್‌ಸ್ಟರ್, ಅಂದರೆ ದೊಡ್ಡ ಕಡಲ ಸಿಗಡಿ, 1990ರ ದಶಕದಲ್ಲಿ ಬಹುತೇಕ ಮುಗಿದೇ ಹೋಯಿತು. ಮೊಟ್ಟೆ ಹೊತ್ತ ಹೆಣ್ಣನ್ನೂ ಟ್ರಾಲ್ ಬಲೆ ಬಿಟ್ಟಿರಲಿಲ್ಲ. 2003ರಲ್ಲಿ ಕೇಂದ್ರ ಸರ್ಕಾರ ರಫ್ತಿಗೆ ಕನಿಷ್ಠ ತೂಕ ಗೊತ್ತುಮಾಡಿತು: ಜಾತಿ ನೋಡಿ 150ರಿಂದ 500 ಗ್ರಾಂ. ಅಲ್ಲಿ ತಾಯಿಯನ್ನು ನೀರಿಗೆ ಮರಳಿಸಿದರೆ ಸಂತತಿ ಉಳಿಯುತ್ತದೆ. ಸಿಂಗೂರಿನಲ್ಲಿ ಮೊಟ್ಟೆಯ ಝಿಂಗಾ ಬಿಟ್ಟರೂ ಪ್ರಯೋಜನವಿಲ್ಲ. ಮರಿ ಬಿಟ್ಟರೆ ಮಾತ್ರ ಲಾಭ. ಐದಾರು ತಿಂಗಳು ಕಾಯ್ದರೆ ತಕ್ಕಡಿಗೆ ಬರುವ ಸರಕನ್ನು ಸಣ್ಣ ಕಣ್ಣಿನ ಬಲೆ ಬೆರಳುದ್ದ ಇದ್ದಾಗಲೇ ಎತ್ತಿಬಿಡುತ್ತದೆ. ಸಂತೆಯಲ್ಲಿ ನಾವೂ ಅಗ್ಗ ಎಂದು ಅದನ್ನೇ ಕೊಳ್ಳುತ್ತೇವೆ ಅನ್ನಿ.

ರೋಹು, ಕಾಟ್ಲಾ ಮೀನಿನದು ಇನ್ನೊಂದು ಕಥೆ. ಮಳೆಗಾಲದ ಹೊಸನೀರಿಗೆ ಅವು ಮೊಟ್ಟೆ ಇಡಲು ಹೊಳೆಯ ಮೇಲಕ್ಕೆ ಹತ್ತುತ್ತವೆ. ಹತ್ತಿದರೆ ಬರುವುದು ನಮ್ಮ ಕಡೆಗೇ, ಬೀದರ್ ದಿಕ್ಕಿಗೇ. ಸಿಂಗೂರಿನವರು ಬಲೆ ಮಡಚಿಟ್ಟಾಗ ಮೇಲಿನವರು ಹೊಳೆಗೆ ಅಡ್ಡ ಬಲೆ ಕಟ್ಟಿದರೆ ಏನು ಬಂತು? ಗಡಿ ಕಲ್ಲು ಮನುಷ್ಯರಿಗೆ, ಮೀನಿಗಲ್ಲ.

ಮಳೆ ಕೈಕೊಟ್ಟರೆ ಇದೆಲ್ಲ ಮಾತೂ ಸುಳ್ಳು. 2015–16ರ ಬರದಲ್ಲಿ ಸಿಂಗೂರು ಬತ್ತಿತ್ತು, ತುಂಬಿದ್ದು 2016ರ ಸೆಪ್ಟೆಂಬರ್ ಮಳೆಗೆ. ನೀರು ಬಂದ ವರ್ಷ ಮರಿ ತಡವಾದರೆ ಬೇಸಿಗೆಯಲ್ಲಿ ಹಿಡಿಯುವಷ್ಟು ಬೆಳೆದಿರುವುದಿಲ್ಲ. ಆದ್ದರಿಂದ ಮರಿಯ ಲಾರಿ ಎಂದು ಬರುತ್ತದೆ, ಎಷ್ಟು ಮರಿ ಇಳಿಯಿತು ಎಂಬುದನ್ನು ಮೀನುಗಾರರ ಸಹಕಾರ ಸಂಘದವರು ದಂಡೆಯಲ್ಲೇ ನಿಂತು ಎಣಿಸಿಕೊಳ್ಳುವುದು ಒಳ್ಳೆಯದು.