ಕಡತ ತೆರೆಸಿದ ಕೌಂಟಿ

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ರಿವರ್‌ಸೈಡ್ ಕೌಂಟಿಯ ಕೋರ್ಟಿಗೆ ಯಾರು ಬೇಕಾದರೂ ಹೋಗಿ, ತಮಗೆ ಸಂಬಂಧವೇ ಇಲ್ಲದ ಮೊಕದ್ದಮೆಯ ಕಡತವನ್ನು ಕೇಳಬಹುದು. ಕೌಂಟರಿನಲ್ಲಿರುವ ಗುಮಾಸ್ತರು ಕೇಸ್ ನಂಬರ್ ಕೇಳುತ್ತಾರೆ, ನಂಬರ್ ಗೊತ್ತಿಲ್ಲದಿದ್ದರೆ ಹೆಸರು. ಹುಡುಕಲು ಹತ್ತು ನಿಮಿಷಕ್ಕಿಂತ ಹೆಚ್ಚು ಹಿಡಿದರೆ 15 ಡಾಲರ್ ಶುಲ್ಕ, ನಕಲು ಬೇಕಾದರೆ ಪುಟಕ್ಕೆ 50 ಸೆಂಟ್. ಬಾಲಾಪರಾಧದ ಪ್ರಕರಣಗಳು ಮತ್ತು ನ್ಯಾಯಾಧೀಶರು ಮೊಹರು ಮಾಡಿಸಿದ ಕಾಗದಗಳಂಥವು ಸಿಗುವುದಿಲ್ಲ. ಉಳಿದಂತೆ, ಕಡತ ಕೇಳುವವರು ಅದು ಯಾಕೆ ಬೇಕು ಎಂದು ವಿವರಿಸಬೇಕಾಗಿಲ್ಲ.

ಈ ಸೌಲಭ್ಯ ತಾನಾಗಿ ಬಂದದ್ದಲ್ಲ. ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ. 1893ರಲ್ಲಿ ಹುಟ್ಟಿದ ರಿವರ್‌ಸೈಡ್ ಕಿತ್ತಳೆ ತೋಟಗಳಿಂದ ಹಿಡಿದು ಅರಿಜೋನಾ ಗಡಿಯ ಮರುಭೂಮಿಯವರೆಗೆ 18,000 ಚದರ ಕಿಲೋಮೀಟರಿಗೂ ಮಿಕ್ಕಿ ಹರಡಿದೆ, ಇಂದು ಅಲ್ಲಿ 24 ಲಕ್ಷಕ್ಕೂ ಹೆಚ್ಚು ಜನರಿದ್ದಾರೆ. ಕೋರ್ಟು ಮತ್ತು ಪೊಲೀಸ್ ಕಡತಗಳು ಜನರಿಗೆ ಎಷ್ಟು ತೆರೆದಿರಬೇಕು ಎಂಬ ಜಗಳದ ಕೆಲವು ಮುಖ್ಯ ಅಧ್ಯಾಯಗಳು ಈ ಒಂದೇ ಕೌಂಟಿಯಲ್ಲಿ ನಡೆದಿವೆ.

ಕಾನೂನಿನ ಬೇರು ಇನ್ನೂ ಹಳೆಯದು. ಸಾರ್ವಜನಿಕ ಬರಹವನ್ನು ನೋಡುವ, ಅದರ ನಕಲು ಪಡೆಯುವ ಹಕ್ಕು ಪ್ರತಿ ನಾಗರಿಕನಿಗೂ ಇದೆ ಎಂದು ಕ್ಯಾಲಿಫೋರ್ನಿಯಾ 1872ರಲ್ಲೇ ತನ್ನ ಸಂಹಿತೆಯಲ್ಲಿ ಬರೆದುಕೊಂಡಿತ್ತು. ಆದರೆ ಕಪಾಟಿನಲ್ಲಿ ಏನಿದೆ ಎಂದು ಯಾರೂ ಹೋಗಿ ನೋಡದಿದ್ದರೆ ಬರೆದಿಟ್ಟ ಹಕ್ಕಿನಿಂದ ಯಾರಿಗೂ ಉಪಯೋಗವಿಲ್ಲ.

ಹಾಗೆ ನೋಡಿದವರಲ್ಲಿ ಒಬ್ಬರು ರಿವರ್‌ಸೈಡಿನ ‘ಪ್ರೆಸ್-ಎಂಟರ್‌ಪ್ರೈಸ್’ ಪತ್ರಿಕೆಯ ವರದಿಗಾರ ಜಾರ್ಜ್ ರಿಂಗ್‌ವಾಲ್ಡ್. ಕೌಂಟಿಯ ಪಾಮ್ ಸ್ಪ್ರಿಂಗ್ಸ್ ಹಾಲಿವುಡ್ ಮಂದಿಯ ವಿಹಾರಧಾಮವಾಗಿ ಬೆಳೆದಂತೆ, ಅಲ್ಲಿನ ಮೂಲನಿವಾಸಿಗಳಾದ ಅಗ್ವಾ ಕಲಿಯೆಂಟೆ ಬುಡಕಟ್ಟಿನ ಜಮೀನಿಗೆ ಚಿನ್ನದ ಬೆಲೆ ಬಂದಿತ್ತು. 1959ರ ಫೆಡರಲ್ ಕಾಯ್ದೆಯ ಬಳಿಕ, ಬುಡಕಟ್ಟಿನ ಅನೇಕರ ಆಸ್ತಿ ನೋಡಿಕೊಳ್ಳಲು ಕೋರ್ಟು ಹೊರಗಿನವರನ್ನು ಪಾಲಕರಾಗಿ ನೇಮಿಸತೊಡಗಿತು. ಆಸ್ತಿಯಿಂದ ಬಂದ ಆದಾಯದ ದೊಡ್ಡ ಪಾಲು ಈ ಪಾಲಕರ ಮತ್ತು ಅವರ ವಕೀಲರ ಫೀಸಿಗೇ ಹೋಯಿತು. ಯಾರು ಯಾರಿಗೆ ಪಾಲಕರು, ಎಷ್ಟು ಫೀಸಿಗೆ ಯಾವ ನ್ಯಾಯಾಧೀಶರ ಒಪ್ಪಿಗೆ ಎಂಬುದೆಲ್ಲ ಕೋರ್ಟಿನ ವಿಷಯವೇ ಆಗಿತ್ತು. ರಿಂಗ್‌ವಾಲ್ಡ್ ಅದರ ಬೆನ್ನು ಹತ್ತಿ ನೂರಕ್ಕೂ ಹೆಚ್ಚು ವರದಿ ಬರೆದರು. 1968ರಲ್ಲಿ ಪತ್ರಿಕೆಗೆ ಸಾರ್ವಜನಿಕ ಸೇವೆಯ ಪುಲಿಟ್ಜರ್ ಪ್ರಶಸ್ತಿ ಬಂತು. ಪಾಲಕರ ಆ ವ್ಯವಸ್ಥೆಯೂ ಕೊನೆಗೊಂಡಿತು.

ಅದೇ 1968ರಲ್ಲಿ ಕ್ಯಾಲಿಫೋರ್ನಿಯಾ ಸಾರ್ವಜನಿಕ ದಾಖಲೆಗಳ ಕಾಯ್ದೆಯನ್ನು ತಂದಿತು. ಶಾಸಕ ವಿಲಿಯಂ ಬ್ಯಾಗ್ಲಿ ಮಂಡಿಸಿದ ಮಸೂದೆಗೆ ಗವರ್ನರ್ ರೊನಾಲ್ಡ್ ರೇಗನ್ ಸಹಿ ಹಾಕಿದರು. ಎರಡು ವರ್ಷ ಮೊದಲೇ ಬಂದಿದ್ದ ಫೆಡರಲ್ ಮಾಹಿತಿ ಸ್ವಾತಂತ್ರ್ಯ ಕಾಯ್ದೆ ವಾಷಿಂಗ್ಟನ್ನಿನ ಇಲಾಖೆಗಳಿಗಷ್ಟೇ ಅನ್ವಯಿಸುತ್ತದೆ. ಊರಿನ ಪೊಲೀಸ್ ಠಾಣೆ, ಕೌಂಟಿಯ ಶೆರಿಫ್ ಕಚೇರಿ ಅದರ ವ್ಯಾಪ್ತಿಗೆ ಬರುವುದಿಲ್ಲ. ಅಮೆರಿಕದಲ್ಲಿ ಸ್ಥಳೀಯ ದಾಖಲೆ ಹುಡುಕುವವರು ಇಂದಿಗೂ ಮೊದಲು ಎಡವುವುದು ಇಲ್ಲೇ. ರಾಜ್ಯದ ಈ ಕಾಯ್ದೆಯೂ ಕೋರ್ಟುಗಳಿಗೆ ಅನ್ವಯಿಸುವುದಿಲ್ಲ. ಕೋರ್ಟಿನ ಕಡತಕ್ಕೆ ಬೇರೆಯದೇ ಕಾನೂನಿನ ಬಲ ಬೇಕಿತ್ತು.

ಆ ಬಲವೂ ರಿವರ್‌ಸೈಡಿನಿಂದಲೇ ಬಂತು. ಅಲ್ಲಿನ ಒಂದು ಕೊಲೆ ಪ್ರಕರಣದಲ್ಲಿ ಜ್ಯೂರಿ ಸದಸ್ಯರ ಆಯ್ಕೆಗೆ ಆರು ವಾರ ಹಿಡಿಯಿತು. ಮೂರು ದಿನ ಬಿಟ್ಟು ಉಳಿದದ್ದೆಲ್ಲ ಮುಚ್ಚಿದ ಬಾಗಿಲ ಹಿಂದೆ ನಡೆಯಿತು. ‘ಪ್ರೆಸ್-ಎಂಟರ್‌ಪ್ರೈಸ್’ ಅದರ ಲಿಖಿತ ಪ್ರತಿ ಕೇಳಿ, ನಿರಾಕರಣೆಯಾದಾಗ ಹೋರಾಡಿ, 1984ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಗೆದ್ದಿತು.

ಎರಡನೆಯ ಪ್ರಕರಣ ಇನ್ನೂ ಮುಖ್ಯವಾದದ್ದು. 12 ರೋಗಿಗಳಿಗೆ ಅತಿಯಾದ ಪ್ರಮಾಣದಲ್ಲಿ ಲಿಡೊಕೇನ್ ಕೊಟ್ಟು ಕೊಂದ ಆರೋಪ ಒಬ್ಬ ನರ್ಸ್ ಮೇಲಿತ್ತು. 1982ರಲ್ಲಿ ಪ್ರಾಥಮಿಕ ವಿಚಾರಣೆ 41 ದಿನ ನಡೆಯಿತು, ಪೂರ್ತಿಯಾಗಿ ಗುಟ್ಟಿನಲ್ಲಿ. ವಿಚಾರಣೆ ಮುಗಿದ ಮೇಲೆ ಪತ್ರಿಕೆ ಅದರ ಪ್ರತಿ ಕೇಳಿದಾಗ ಮ್ಯಾಜಿಸ್ಟ್ರೇಟರು ಕೊಡದೆ ಮೊಹರು ಹಾಕಿದರು. ಮೇಲಿನ ಕೋರ್ಟುಗಳೂ ಕೊಡಲಿಲ್ಲ. ಅಷ್ಟರಲ್ಲಿ ಆರೋಪಿ ಜ್ಯೂರಿ ವಿಚಾರಣೆ ಬೇಡವೆಂದ. ಜ್ಯೂರಿಯೇ ಇಲ್ಲದ ಮೇಲೆ ಅದರ ಮನಸ್ಸು ಕೆಡುವ ಭಯವೂ ಇಲ್ಲವಾಗಿ ಪ್ರತಿ ಬಿಡುಗಡೆಯಾಯಿತು. ಪತ್ರಿಕೆಗೆ ಬೇಕಾದದ್ದು ಕೈಗೆ ಸಿಕ್ಕಿತ್ತು. ಅಲ್ಲಿಗೆ ಖರ್ಚು ಉಳಿಸಿಕೊಂಡು ಸುಮ್ಮನಾಗಬಹುದಿತ್ತು. ಆದರೆ ಮುಂದಿನ ಪ್ರಕರಣದಲ್ಲಿ ಮತ್ತೊಬ್ಬ ಮ್ಯಾಜಿಸ್ಟ್ರೇಟರು ಹೀಗೆಯೇ ಬಾಗಿಲು ಹಾಕಬಹುದೇ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತಿತ್ತು. ಪತ್ರಿಕೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1986ರ ಜೂನಿನಲ್ಲಿ 7–2ರ ಬಹುಮತದಿಂದ ತೀರ್ಪು ಅದರ ಪರವಾಗಿ ಬಂತು: ಪ್ರಾಥಮಿಕ ವಿಚಾರಣೆಗಳು ಜನರಿಗೆ ತೆರೆದಿರಬೇಕು, ಮುಚ್ಚುವುದಾದರೆ ನ್ಯಾಯಾಧೀಶರು ಗಟ್ಟಿ ಕಾರಣವನ್ನು ದಾಖಲಿಸಬೇಕು. ಕಡತಕ್ಕೆ ಮೊಹರು ಹಾಕುವ ಪ್ರಶ್ನೆ ಎದ್ದಾಗಲೆಲ್ಲ ಅಮೆರಿಕದ ವಕೀಲರು ಇಂದಿಗೂ ಈ ತೀರ್ಪಿನ ಹೆಸರೆತ್ತುತ್ತಾರೆ.

ಪೊಲೀಸ್ ಕಡತಗಳ ಕತೆ ಇಷ್ಟು ನೇರವಾಗಿಲ್ಲ. ಹತ್ತಿರದ ಲಾಸ್ ಏಂಜಲೀಸ್ ಕೌಂಟಿಯ ಶೆರಿಫ್ ಪೀಟರ್ ಪಿಚೆಸ್ ಹೆಸರಿನಲ್ಲಿ 1974ರಲ್ಲಿ ಬಂದ ತೀರ್ಪು, ತನ್ನನ್ನು ಬಂಧಿಸಿದ ಪೊಲೀಸರ ಮೇಲೆ ಹಿಂದೆ ಬಂದಿದ್ದ ದೂರುಗಳನ್ನು ನೋಡುವ ಅವಕಾಶವನ್ನು ಆರೋಪಿಗೆ ಕೊಟ್ಟಿತು. ಇದಕ್ಕೆ ಉತ್ತರವೆಂಬಂತೆ ಲಾಸ್ ಏಂಜಲೀಸ್ ಪೊಲೀಸ್ ಇಲಾಖೆಯಲ್ಲಿ ಟನ್‌ಗಟ್ಟಲೆ ಹಳೆಯ ಕಾಗದ ನಾಶವಾಯಿತು. 1978ರಲ್ಲಿ ಪೊಲೀಸ್ ಸಿಬ್ಬಂದಿಯ ಕಡತಗಳನ್ನು ಗೋಪ್ಯವೆಂದು ಸಾರುವ ಕಾಯ್ದೆ ಬಂತು, 2006ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಆ ಗೋಪ್ಯತೆಯನ್ನು ಇನ್ನಷ್ಟು ಬಿಗಿ ಮಾಡಿತು. ಈ ಬೀಗ ಸಡಿಲವಾದದ್ದು 2018ರಲ್ಲಿ, ಸೆನೆಟರ್ ನ್ಯಾನ್ಸಿ ಸ್ಕಿನ್ನರ್ ತಂದ ಕಾಯ್ದೆಯಿಂದ. ಪೊಲೀಸರು ಗುಂಡು ಹಾರಿಸಿದ ಮತ್ತು ಬಲಪ್ರಯೋಗದಿಂದ ಸಾವು ಇಲ್ಲವೇ ತೀವ್ರ ಗಾಯವಾದ ಪ್ರಕರಣಗಳು, ಸಾಬೀತಾದ ಲೈಂಗಿಕ ದೌರ್ಜನ್ಯ ಮತ್ತು ಸುಳ್ಳು ವರದಿಗಳ ಕಡತಗಳು 2019ರ ಜನವರಿ 1ರಿಂದ ಜನರಿಗೆ ಸಿಗುವಂತಾದವು. ಅದು ಜಾರಿಗೆ ಬರುವ ಮುನ್ನ ಡಿಸೆಂಬರಿನಲ್ಲೇ ಲಾಸ್ ಏಂಜಲೀಸ್ ಕೌಂಟಿಯ ಇಂಗಲ್‌ವುಡ್ ನಗರಸಭೆ ನೂರಕ್ಕೂ ಹೆಚ್ಚು ಹಳೆಯ ಪೊಲೀಸ್ ಕಡತಗಳ ನಾಶಕ್ಕೆ ಒಪ್ಪಿಗೆ ಕೊಟ್ಟಿತು. ಕಡತದ ಬಾಗಿಲು ತೆರೆಯುವ ಸುಳಿವು ಸಿಕ್ಕಾಗಲೆಲ್ಲ ಕಡತವನ್ನೇ ಇಲ್ಲವಾಗಿಸುವ ಈ ಚಾಳಿ ನನ್ನನ್ನು ಕಂಗೆಡಿಸುತ್ತದೆ. ಹೋದ ಕಾಗದವನ್ನು ಯಾವ ತೀರ್ಪೂ ಮರಳಿಸದು.

ಎಲ್ಲವೂ ತೆರೆದಿರುವುದೇ ನ್ಯಾಯವೇ? ಈ ಪ್ರಶ್ನೆಯೂ ರಿವರ್‌ಸೈಡಿನಲ್ಲೇ ಎದ್ದಿತು. ಅಲ್ಲಿನ ಕೋರ್ಟಿನ ವೆಬ್‌ಸೈಟಿನಲ್ಲಿ ಜನ್ಮದಿನಾಂಕ ಇಲ್ಲವೇ ಡ್ರೈವಿಂಗ್ ಲೈಸೆನ್ಸ್ ಸಂಖ್ಯೆ ಹಾಕಿ ವ್ಯಕ್ತಿಯ ಹಳೆಯ ಕ್ರಿಮಿನಲ್ ಪ್ರಕರಣ ಹುಡುಕಬಹುದಿತ್ತು. ಶಿಕ್ಷೆ ಮುಗಿಸಿ ಬಂದವರ ಸಂಘಟನೆ ‘ಆಲ್ ಆಫ್ ಅಸ್ ಆರ್ ನನ್’ ಇದನ್ನು ಪ್ರಶ್ನಿಸಿತು. ಎಂದೋ ಮುಗಿದ ಪ್ರಕರಣವೊಂದು ಕೆಲಸ ಕೊಡುವವರಿಗೂ ಮನೆ ಬಾಡಿಗೆಗೆ ಕೊಡುವವರಿಗೂ ಒಂದು ಕ್ಲಿಕ್ಕಿನಲ್ಲಿ ಸಿಕ್ಕರೆ ಮನುಷ್ಯ ಮತ್ತೆ ಬದುಕು ಕಟ್ಟಿಕೊಳ್ಳುವುದು ಹೇಗೆ? ಇಂಥ ಹುಡುಕಾಟಕ್ಕೆ ಅವಕಾಶ ಕೊಡುವುದು ನಿಯಮಬಾಹಿರವೆಂದು 2021ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. ಕ್ರಿಮಿನಲ್ ಪ್ರಕರಣದ ಮೂಲ ಕಾಗದಗಳನ್ನು ನೋಡಬೇಕೆಂದರೆ ಸಾರ್ವಜನಿಕರು ಸಾಮಾನ್ಯವಾಗಿ ಕೋರ್ಟಿಗೇ ಹೋಗಬೇಕು. ಈ ತೀರ್ಪು ಸರಿಯೆಂದೇ ನನ್ನ ಭಾವನೆ. ನ್ಯಾಯಾಧೀಶರ, ಪೊಲೀಸರ ನಡೆಯನ್ನು ಜನ ಪರಿಶೀಲಿಸಲೆಂದು ಕಡತ ತೆರೆದಿಟ್ಟದ್ದು; ಶಿಕ್ಷೆ ಮುಗಿಸಿದವರನ್ನು ಜೀವನವಿಡೀ ಶಿಕ್ಷಿಸಲೆಂದಲ್ಲ.

ಅಲ್ಲಿ ನೆಲೆಸಿದ ಕನ್ನಡಿಗರಿಗೂ ಈ ಕಡತಗಳ ಕೆಲಸ ಬೀಳುತ್ತದೆ. ಭಾರತದ ಪಾಸ್‌ಪೋರ್ಟ್ ಕಳೆದುಹೋದರೆ ಹೊಸದಕ್ಕೆ ಪೊಲೀಸ್ ವರದಿ ಬೇಕು. ಅಮೆರಿಕದ ಪೌರತ್ವಕ್ಕೆ ಅರ್ಜಿ ಹಾಕುವವರು ಹಿಂದೆ ಎಂದಾದರೂ ಬಂಧನಕ್ಕೊಳಗಾಗಿದ್ದರೆ, ಪ್ರಕರಣ ವಜಾ ಆಗಿದ್ದರೂ ಕೋರ್ಟಿನ ದೃಢೀಕೃತ ನಕಲನ್ನು ಒದಗಿಸಬೇಕು. ಯಾವ ಕಚೇರಿಗೆ ಹೋಗಬೇಕೆಂದು ತಿಳಿಯುವುದೇ ಮೊದಲ ಕಷ್ಟ. ಟೆಮೆಕ್ಯುಲಾ, ಮೊರೆನೊ ವ್ಯಾಲಿಯಂಥ ಊರುಗಳಿಗೆ ತಮ್ಮದೇ ಪೊಲೀಸ್ ಪಡೆಯಿಲ್ಲ. ಕಾರಿನ ಮೇಲೆ ಊರಿನ ಹೆಸರಿದ್ದರೂ ಒಳಗಿರುವವರು ಗುತ್ತಿಗೆಯ ಮೇಲೆ ಬಂದ ಶೆರಿಫ್ ಸಿಬ್ಬಂದಿ, ವರದಿ ಇರುವುದು ಶೆರಿಫ್ ಇಲಾಖೆಯಲ್ಲಿ. ರಿವರ್‌ಸೈಡ್ ನಗರಕ್ಕಾದರೆ ಸ್ವಂತ ಪೊಲೀಸ್ ಇಲಾಖೆಯಿದೆ.

ಸಾರ್ವಜನಿಕ ದಾಖಲೆಗಳ ಕಾಯ್ದೆಯಡಿ ಪೊಲೀಸ್ ಇಲಾಖೆಗೆ ಬರೆಯುವವರು ಘಟನೆ ನಡೆದ ದಿನ, ಸ್ಥಳ, ವರದಿ ಸಂಖ್ಯೆಯನ್ನು ಸ್ಪಷ್ಟವಾಗಿ ಕೊಡಬೇಕು. ತನಿಖೆಯ ವರದಿ ಎಲ್ಲರಿಗೂ ಪೂರ್ತಿಯಾಗಿ ಸಿಗದು, ಸಂತ್ರಸ್ತರಿಗೆ ಹೆಚ್ಚಿನ ಹಕ್ಕಿದೆ. ಕೊಡುತ್ತೇವೋ ಇಲ್ಲವೋ ಎಂಬುದನ್ನು ಇಲಾಖೆ ಸಾಮಾನ್ಯವಾಗಿ 10 ದಿನದೊಳಗೆ ತಿಳಿಸಬೇಕು. ಲಿಖಿತ ಅರ್ಜಿಯನ್ನು ನಿರಾಕರಿಸಿದರೆ ಉತ್ತರವೂ ಲಿಖಿತವಾಗಿರಬೇಕು, ಯಾವ ಆಧಾರದ ಮೇಲೆ ಎಂದು ಹೇಳಲೇಬೇಕು. ಅದಕ್ಕೂ ತೃಪ್ತಿಯಾಗದೆ ಅರ್ಜಿದಾರರು ಕೋರ್ಟಿಗೆ ಹೋಗಿ ಗೆದ್ದರೆ, ಅವರ ವಕೀಲರ ಖರ್ಚನ್ನು ಇಲಾಖೆಯೇ ಭರಿಸಬೇಕೆಂದು ಕಾಯ್ದೆ ವಿಧಿಸುತ್ತದೆ. ಈ ಒಂದು ಅಂಶ ನನಗೆ ಇಡೀ ಕಾಯ್ದೆಯ ತಿರುಳಾಗಿ ಕಾಣುತ್ತದೆ. ಒಬ್ಬರು ಹಟ ಹಿಡಿದು ತೆರೆಸಿದ ಕಡತ ಅವರೊಬ್ಬರದಾಗಿ ಉಳಿಯುವುದಿಲ್ಲ, ನಾಳೆ ಕೇಳುವವರಿಗೂ ಅದು ತೆರೆದಿರುತ್ತದೆ. ಅವರ ಶ್ರಮದ ಖರ್ಚನ್ನು ಸಮಾಜ ಹೊರುವುದು ನ್ಯಾಯವೇ ಆಗಿದೆ.