ಗ್ರಂಥಾಲಯವೂ ಒಂದು ತೋಟ



ತಿಕೋಟಾ, ಬಬಲೇಶ್ವರಗಳ ದ್ರಾಕ್ಷಿ ತೋಟಗಳನ್ನು ನೋಡಲೆಂದು ನಾವು ಈಚೆಗೆ ವಿಜಯಪುರ ಸೀಮೆಗೆ ಹೋಗಿದ್ದೆವು. ಅಲ್ಲಿಯ ರೈತರು ಏಪ್ರಿಲ್ ಸುಮಾರಿಗೆ ಒಮ್ಮೆ, ಅಕ್ಟೋಬರ್ ಸುಮಾರಿಗೆ ಇನ್ನೊಮ್ಮೆ ಬಳ್ಳಿಗೆ ಚಾಟ್ನಿ ಮಾಡುತ್ತಾರೆ. ನಮ್ಮ ಕಾಫಿ ಗಿಡದ ಕಸಿಯಂತೆಯೇ. ಕೈಯಾಡಿಸದ ಗಿಡ ಫಲ ಕೊಡದು. ಪುಸ್ತಕ ಭಂಡಾರದ ಬಾಳೂ ಹೀಗೆಯೇ ಎಂಬುದಕ್ಕೆ ವಿಜಯಪುರ ನಗರವೇ ಸಾಕ್ಷಿ.

ಆದಿಲ್‌ಶಾಹಿ ಅರಸರ ಗ್ರಂಥಭಂಡಾರದ ಉಳಿಕೆ ಇದ್ದುದು ಅಲ್ಲಿನ ಆಸಾರ್ ಮಹಲಿನಲ್ಲಿ. 1686ರಲ್ಲಿ ರಾಜ್ಯ ಬಿದ್ದಿತು, ಬೆಳೆಸುವ ಒಡೆಯರಿಲ್ಲವಾದರು. ಅಳಿದುಳಿದ ಹಸ್ತಪ್ರತಿಗಳು 1853ರಲ್ಲಿ ಲಂಡನ್ನಿಗೆ ಹೋದವು. ಈಗ ಅವು ಬ್ರಿಟಿಷ್ ಲೈಬ್ರರಿಯಲ್ಲಿವೆ. ಬೇರುಸಹಿತ ಕಿತ್ತು ಬೇರೆ ನೆಲದಲ್ಲಿ ನೆಟ್ಟ ಗಿಡ!

ಅದೇ ಊರಿನಲ್ಲಿ ಇನ್ನೊಂದು ಬೀಜ ಮೊಳೆಯಿತು. ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಊರೂರು ಅಲೆದು ವಚನಗಳ ತಾಳೆಗರಿ ಕಟ್ಟುಗಳನ್ನು ಕೂಡಿಸಿದರು. 1925ರಲ್ಲಿ ಹಿತಚಿಂತಕ ಮುದ್ರಣಾಲಯ, ಮರುವರ್ಷ 'ಶಿವಾನುಭವ' ಪತ್ರಿಕೆ. ಗಂಟಿನಲ್ಲಿದ್ದ ವಚನ ನಾಡಿನಲ್ಲೆಲ್ಲ ಹಬ್ಬಿತು.

ಗ್ರಂಥಾಲಯವೆಂಬುದು ಬೆಳೆಯುವ ಜೀವಿ, ಇದು ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಐದನೆಯ ಸೂತ್ರ.

ನಮ್ಮ ಸಂಘದ ಕಪಾಟಿಗೆ ಬೀಗ ಹಾಕಿದವರು ನಾವೇ. ಕಳೆದ ಮಳೆಗಾಲದಲ್ಲಿ ಗೆದ್ದಲು ಹಿಡಿದು, ಹಿರಿಯರು ಬರೆದಿಟ್ಟ ಮಳೆ ಲೆಕ್ಕದ ಎರಡು ಪುಸ್ತಕ ಮಣ್ಣಾದವು. ಆ ಲೆಕ್ಕ ಇನ್ನೆಲ್ಲಿಯೂ ಸಿಗದು. ತಪ್ಪು ನಮ್ಮದು.

ಇನ್ನು ಬೀಗವಿಲ್ಲ. ಓದಲು ಒಯ್ಯಿರಿ, ತಿರುಗಿ ತನ್ನಿರಿ. ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ತೋಟದ ಲೆಕ್ಕವಿದ್ದರೆ ತಂದುಕೊಡಿ. ಪ್ರತಿ ಮಾಡಿಸಿ ಮೂಲವನ್ನು ಮರಳಿಸುತ್ತೇವೆ. ಚಿಗುರು ಅಲ್ಲಿಂದಲೇ ಬರಬೇಕು.