ಕಾವಲು ಹಕ್ಕಿಗೆ ಏನು ಲಾಭ?

ದುಬೈನ ಮುಶ್ರಿಫ್ ಉದ್ಯಾನದಲ್ಲಿ ಗಾಫ್ ಮರಗಳ ದೊಡ್ಡ ತೋಪಿದೆ. ಗಾಫ್ ಬೇರೆ ಯಾವುದೂ ಅಲ್ಲ, ದಸರೆಯಲ್ಲಿ ನಾವು ಪೂಜಿಸುವ ಬನ್ನಿಮರವೇ. ಯುಎಇ 2008ರಲ್ಲಿ ಅದನ್ನು ರಾಷ್ಟ್ರೀಯ ವೃಕ್ಷವೆಂದು ಘೋಷಿಸಿತು. ಇಂಥ ಮರಗಳ ಬುಡದಲ್ಲಿ ತರಗೆಲೆ ಕೆದಕುತ್ತ, ಉದ್ದ ಬಾಲ ಕುಣಿಸುತ್ತ, ಗುಂಪಾಗಿ ಕುಪ್ಪಳಿಸುವ ಬೂದುಗಂದು ಹಕ್ಕಿಯೊಂದಿದೆ: ಅರೇಬಿಯನ್ ಬ್ಯಾಬ್ಲರ್. ನಮ್ಮ ಹೊಲತೋಟಗಳ ಹರಟೆಮಲ್ಲನಿಗೆ ಮರುಭೂಮಿಯ ದಾಯಾದಿ ಎನ್ನಬಹುದು. ತೂಕ ನೂರು ಗ್ರಾಂ ಕೂಡ ಇಲ್ಲ. ಆದರೆ ತನಗೇನೂ ಬಯಸದೆ ಇನ್ನೊಬ್ಬರಿಗೆ ಒಳ್ಳೆಯದು ಮಾಡುವುದು ಸಾಧ್ಯವೇ ಎಂಬ ಹಳೆಯ ತಕರಾರಿನಲ್ಲಿ ಈ ಹಕ್ಕಿ ಅರ್ಧ ಶತಮಾನದಿಂದ ಮುಖ್ಯ ಸಾಕ್ಷಿಯಾಗಿದೆ. ಅದರ ಸಾಕ್ಷ್ಯವನ್ನು ಪೂರ್ತಿ ಕೇಳಿಸಿಕೊಂಡವರು ಮಾತ್ರ ಕಡಿಮೆ.

ಗುಂಪಿನಲ್ಲಿ ಸಾಮಾನ್ಯವಾಗಿ ಒಂದು ಹಿರಿಯ ಜೋಡಿಯದೇ ಸಂತಾನ. ಉಳಿದವು ಆ ಮರಿಗಳಿಗೆ ಹುಳು ತಂದು ಉಣಿಸುತ್ತವೆ, ಹಾವು ಕಂಡರೆ ಒಟ್ಟಾಗಿ ಸುತ್ತುವರಿದು ಗದ್ದಲವೆಬ್ಬಿಸುತ್ತವೆ, ರಾತ್ರಿ ಒಂದೇ ಕೊಂಬೆಯ ಮೇಲೆ ಮೈಗೆ ಮೈ ತಾಗಿಸಿ ಮಲಗುತ್ತವೆ. ಎಲ್ಲಕ್ಕಿಂತ ಚೆಲುವಾದದ್ದು ಅವುಗಳ ಕಾವಲು. ಉಳಿದವು ನೆಲದಲ್ಲಿ ತಲೆ ತಗ್ಗಿಸಿ ಮೇಯುವಾಗ ಒಂದು ಹಕ್ಕಿ ಮೇವು ಬಿಟ್ಟು ಮರದ ತುದಿಯಲ್ಲಿ ಕೂರುತ್ತದೆ; ಗಿಡುಗ ಕಂಡರೆ ಕೂಗಿ ಎಚ್ಚರಿಸುತ್ತದೆ. 1970ರ ದಶಕದಿಂದ ಇಸ್ರೇಲಿನ ಹಟ್ಸೇವಾದಲ್ಲಿ ಇವುಗಳ ಬೆನ್ನುಹತ್ತಿದ ಜೀವವಿಜ್ಞಾನಿ ಅಮೋಟ್ಸ್ ಜಹಾವಿ ಇನ್ನೂ ವಿಚಿತ್ರವಾದ ಸಂಗತಿಯನ್ನು ಗಮನಿಸಿದರು. ಮೇಲಿನ ದರ್ಜೆಯ ಹಕ್ಕಿ ಕೆಳದರ್ಜೆಯದನ್ನು ಕಾವಲಿನಿಂದ ಎಬ್ಬಿಸಿ ತಾನೇ ಕೂರುತ್ತದೆ. ಕೆಳಗಿನದು ಮೇಲಿನದಕ್ಕೆ ಹಾಗೆ ಮಾಡುವುದು ಅಪರೂಪ. ಹಿರಿಯ ಹಕ್ಕಿ ಕೊಟ್ಟ ತುತ್ತನ್ನು ಕಿರಿಯದು ಬೇಡವೆನ್ನುವುದೂ ಉಂಟು. ಉಪಕಾರ ಮಾಡುವುದಕ್ಕೇ ಪೈಪೋಟಿ! ಜಹಾವಿಯವರ ತೀರ್ಮಾನ ಖಡಾಖಂಡಿತವಾಗಿತ್ತು: ಇದು ಪ್ರತಿಷ್ಠೆಯ ಪ್ರದರ್ಶನ. ದುಬಾರಿ ಉಪಕಾರ ಮಾಡಬಲ್ಲವನೇ ಬಲಶಾಲಿ ಎಂದು ಗುಂಪಿಗೆ ಸಾರುವ ಜಾಹೀರಾತು. 1975ರಲ್ಲಿ ಅವರು ಮಂಡಿಸಿದ ‘ಹ್ಯಾಂಡಿಕ್ಯಾಪ್’ ತತ್ವದ ವಿಸ್ತರಣೆಯಿದು.

ಸಿನಿಕರಿಗೆ ಇಷ್ಟು ಸಾಕಾಯಿತು. ನೋಡಿ, ಹಕ್ಕಿಯೂ ಹೆಸರಿಗಾಗಿಯೇ ದಾನ ಮಾಡುತ್ತದೆ ಎಂದರು. ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ. ಜೊನಾಥನ್ ರೈಟ್ ಎಂಬ ವಿಜ್ಞಾನಿ ಇವೇ ಹಕ್ಕಿಗಳ ಗೂಡುಗಳನ್ನು ಕಾದು ನೋಡಿ, 1997ರಲ್ಲಿ ಬೇರೆಯೇ ಚಿತ್ರ ಕೊಟ್ಟರು. ಉಣಿಸುವ ಹಕ್ಕಿಗಳಲ್ಲಿ ಸ್ಥಾನಮಾನದ ಪೈಪೋಟಿಯ ಗುರುತು ಅವರಿಗೆ ಸಿಗಲಿಲ್ಲ; ಅವುಗಳ ದುಡಿಮೆ ಮರಿಗಳ ಅಗತ್ಯಕ್ಕೆ ಹೊಂದಿಕೊಂಡಿತ್ತು. 2001ರಲ್ಲಿ ಅವರೂ ಸಂಗಡಿಗರೂ ಕೆಲವು ಹಕ್ಕಿಗಳಿಗೆ ಹೆಚ್ಚುವರಿ ಹುಳು ತಿನ್ನಿಸಿ ಪರೀಕ್ಷಿಸಿದಾಗ, ಹೊಟ್ಟೆ ತುಂಬಿದವೇ ಹೆಚ್ಚು ಹೊತ್ತು ಕಾವಲು ಕೂತವು. ಆಫ್ರಿಕದ ಪುಟ್ಟ ಸಸ್ತನಿಗಳಾದ ಮೀರ್‌ಕ್ಯಾಟ್‌ಗಳಲ್ಲೂ ಹೀಗೆಯೇ ಎಂದು ಟಿಮ್ ಕ್ಲಟನ್-ಬ್ರಾಕ್ ತಂಡ 1999ರಲ್ಲಿ ತೋರಿಸಿತ್ತು: ಕಾವಲುಗಾರನೇ ಅಪಾಯವನ್ನು ಮೊದಲು ಕಾಣುವುದರಿಂದ ಅವನಿಗೆ ಅದು ಅಷ್ಟೇನೂ ಅಪಾಯದ ಕೆಲಸವಲ್ಲ. ಅಂದರೆ ಕಾವಲು ನಾವು ಭಾವಿಸಿದಂತಹ ಬಲಿದಾನವಲ್ಲ. ಬರಿಯ ಬಡಾಯಿಯೂ ಅಲ್ಲ. ತನ್ನ ಹೊಟ್ಟೆ ತುಂಬಿದ ಮೇಲೆ, ತನಗೂ ಕ್ಷೇಮವಾಗಿರುವ ಜಾಗದಲ್ಲಿ ಕೂತು ಹತ್ತು ಜೀವಗಳಿಗೆ ಎಚ್ಚರಿಕೆ ಕೊಡುವ ಕೆಲಸ ಅದು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬೇರುಸಹಿತ ಕೀಳಬೇಕು. ಜೀವವಿಜ್ಞಾನಿ ಡಬ್ಲ್ಯು. ಡಿ. ಹ್ಯಾಮಿಲ್ಟನ್ 1964ರಲ್ಲಿ ಗಣಿತದ ಮೂಲಕ ಹೇಳಿದ್ದು ಇಷ್ಟು: ಉಪಕಾರದ ಫಲ ರಕ್ತಸಂಬಂಧಿಗಳಿಗೆ ಸಾಕಷ್ಟು ತಲುಪಿದರೆ, ಉಪಕಾರಕ್ಕೆ ಪ್ರೇರೇಪಿಸುವ ಜೀನ್ ಪೀಳಿಗೆಯಿಂದ ಪೀಳಿಗೆಗೆ ಹರಡುತ್ತದೆ. ಇದನ್ನು ಓದಿದ ಅನೇಕರು ‘ಹಾಗಾದರೆ ಎಲ್ಲ ದಯೆಯೂ ಒಳಗಿಂದೊಳಗೆ ಸ್ವಾರ್ಥವೇ’ ಎಂದುಬಿಡುತ್ತಾರೆ. ಇದು ಎರಡು ಬೇರೆ ಪ್ರಶ್ನೆಗಳನ್ನು ಕಲಸಿದ್ದರ ಫಲ. ಒಂದು ಗುಣ ಲಕ್ಷಾಂತರ ವರ್ಷಗಳಲ್ಲಿ ಏಕೆ ಉಳಿದುಬಂತು ಎಂಬುದು ಒಂದು ಪ್ರಶ್ನೆ. ಈ ಹೊತ್ತು ಈ ಜೀವಿ ಏನನ್ನು ಬಯಸುತ್ತಿದೆ ಎಂಬುದು ಇನ್ನೊಂದು. ಮರಿಗೆ ಹುಳು ಕೊಡುವ ಬ್ಯಾಬ್ಲರ್‌ಗೆ ಜೀನ್ ಎಂದರೇನೆಂದು ತಿಳಿಯದು. ಅದನ್ನು ಎಳೆಯುವುದು ಎದುರಿಗೆ ತೆರೆದ ಬಾಯಿ. ಜೀನಿಗೆ ಆಸೆಯಿಲ್ಲ, ಉದ್ದೇಶವಿಲ್ಲ. ಆದ್ದರಿಂದ ಅದಕ್ಕೆ ಸಿಗುವ ‘ಲಾಭ’ವನ್ನು ತಂದು ಹಕ್ಕಿಯ, ಅಥವಾ ತಾಯಿಯೊಬ್ಬಳ, ಮನಸ್ಸಿನ ಲೋಭವೆಂದು ಬರೆಯುವುದು ಕೆಟ್ಟ ವಿಜ್ಞಾನ. ದಯೆಯನ್ನು ಅಳೆಯುವಾಗ ನೋಡಬೇಕಾದದ್ದು ಕೊನೆಗೆ ಯಾರಿಗೆ ಎಷ್ಟು ಬಂತು ಎಂಬುದನ್ನಲ್ಲ, ಮಾಡುವವರ ಕಣ್ಣು ಯಾರ ಕಷ್ಟದ ಮೇಲಿತ್ತು ಎಂಬುದನ್ನು.

ಹಕ್ಕಿಯ ಮನಸ್ಸು ಹೇಗೋ ಇರಲಿ, ಮನುಷ್ಯ ಕೊಡುವುದು ಕೊಟ್ಟಾಗ ಸಿಗುವ ಸಂತೋಷಕ್ಕಾಗಿ ತಾನೆ ಎಂದು ಕೇಳುವವರಿದ್ದಾರೆ. ಗಟ್ಟಿಯಾದ ಆಕ್ಷೇಪವೇ. ಆದರೆ ಹಸಿದವರು ಬಯಸುವುದು ಅನ್ನವನ್ನು. ತೃಪ್ತಿ ಉಂಡ ಮೇಲೆ ಬರುತ್ತದೆ. ಹಾಗೆಯೇ ಇನ್ನೊಬ್ಬರ ಕಷ್ಟ ನೀಗಿದ್ದು ನಮಗೆ ಸಂತೋಷ ಕೊಡಬೇಕಾದರೆ, ಅವರ ಒಳಿತು ಅದಕ್ಕೂ ಮೊದಲೇ ನಮಗೆ ಬೇಕಾಗಿರಬೇಕು. ಇದಕ್ಕೆ ಪ್ರಯೋಗದ ಬೆಂಬಲವೂ ಇದೆ. ಅಮೆರಿಕದ ಕಾನ್ಸಾಸ್‌ನಲ್ಲಿ ಮನಶ್ಶಾಸ್ತ್ರಜ್ಞ ಡೇನಿಯಲ್ ಬ್ಯಾಟ್ಸನ್ 1981ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಯುವತಿಯೊಬ್ಬಳು ವಿದ್ಯುತ್ ಆಘಾತಕ್ಕೆ ನರಳುವುದನ್ನು ವಿದ್ಯಾರ್ಥಿನಿಯರು ಪರದೆಯ ಮೇಲೆ ನೋಡಬೇಕಿತ್ತು. ಆಘಾತ ನಟನೆ, ನೋಡುವವರಿಗೆ ಅದು ಗೊತ್ತಿರಲಿಲ್ಲ. ಕೆಲವರಿಗೆ ಸ್ವಲ್ಪ ಹೊತ್ತಿಗೇ ಎದ್ದುಹೋಗುವ ಅವಕಾಶವಿತ್ತು. ತಮ್ಮ ಸಂಕಟ ಕಳೆದುಕೊಳ್ಳುವುದಷ್ಟೇ ಗುರಿಯಾಗಿದ್ದರೆ ಹೊರಟುಬಿಟ್ಟಿದ್ದರೆ ಸಾಕಿತ್ತು. ಅವಳ ಬಗ್ಗೆ ಅನುಕಂಪ ಹುಟ್ಟದವರಲ್ಲಿ ಬಹುಪಾಲು ಹಾಗೆಯೇ ಮಾಡಿದರು. ಅನುಕಂಪ ಮೂಡಿದ್ದವರಲ್ಲಿ ಹೆಚ್ಚಿನವರು ಬಾಗಿಲು ತೆರೆದಿದ್ದರೂ ಹೋಗದೆ, ಅವಳ ಬದಲು ತಾವು ಕೂರುತ್ತೇವೆಂದರು. ರಾಬರ್ಟ್ ಸಿಯಾಲ್ಡಿನಿ ಮುಂತಾದ ಮನಶ್ಶಾಸ್ತ್ರಜ್ಞರು ಇದಕ್ಕೆ ಬೇರೆ ವಿವರಣೆಗಳನ್ನು ಕೊಟ್ಟರು, ವಾದ ವರ್ಷಗಟ್ಟಲೆ ನಡೆಯಿತು. ಆದರೂ ‘ಎಲ್ಲವೂ ಸ್ವಾರ್ಥ’ ಎಂಬ ಮಾತು ಇನ್ನು ಸ್ವತಃಸಿದ್ಧವಲ್ಲ. ಅದನ್ನು ಹೇಳುವವರೇ ಪುರಾವೆ ಕೊಡಬೇಕು.

ಕಷ್ಟದಲ್ಲಿರುವವರ ಮೇಲಿಂದ ಕಣ್ಣು ತಪ್ಪಿದ ದಯೆ ಹೇಗಿರುತ್ತದೆಂದು ತಿಳಿಯಲು ನಮ್ಮ ಊರುಗಳಲ್ಲಿ ಪುಣ್ಯಕ್ಕೆಂದು ಪಂಜರದ ಹಕ್ಕಿ ಕೊಂಡು ಹಾರಿಬಿಡುವ ಪದ್ಧತಿ ನೋಡಿ. ಕೊಂಡಷ್ಟೂ ಬೇಟೆಗಾರ ಮತ್ತಷ್ಟು ಹಿಡಿಯುತ್ತಾನೆ; ಬಳಲಿದ ಹಕ್ಕಿ ಹಾರಲಾರದೆ ಸಾಯುತ್ತದೆ; ಬಿಟ್ಟವರು ಸ್ವರ್ಗದ ಖಾತೆಗೆ ಜಮೆಯಾಯಿತೆಂದು ಮನೆಗೆ ಹೋಗುತ್ತಾರೆ. ಇದು ಮೂಢನಂಬಿಕೆ ಮಾತ್ರವಲ್ಲ, ಕ್ರೌರ್ಯ. ಇದರ ಎದುರಿಗೆ ದುಬೈನ ಲತೀಫಾ ಆಸ್ಪತ್ರೆಯ ರಕ್ತದಾನ ಕೇಂದ್ರವನ್ನಿಡಿ. ಕರಾವಳಿಯಿಂದ ಹೋದ ಕನ್ನಡಿಗರ ಸಂಘಟನೆಗಳು ದುಬೈಯಲ್ಲಿ ರಕ್ತದಾನ ಶಿಬಿರ ನಡೆಸುತ್ತ ಬಂದಿವೆ. ಒಬ್ಬರು ಕೊಟ್ಟ ಸುಮಾರು 450 ಮಿಲಿಲೀಟರ್ ರಕ್ತ ಯಾವ ದೇಶದ, ಯಾವ ಭಾಷೆಯ ಮೈಗೆ ಸೇರುತ್ತದೆಂದು ಅವರಿಗೆ ತಿಳಿಯುವುದಿಲ್ಲ. ಥಲಸ್ಸೀಮಿಯಾ ಇರುವ ಮಗುವಿಗೆ ಕೆಲವೇ ವಾರಗಳಿಗೊಮ್ಮೆ ಪರರ ರಕ್ತ ಬೇಕು. ಅಲ್ಲಿ ಹ್ಯಾಮಿಲ್ಟನ್ನರ ಬಂಧುತ್ವದ ಲೆಕ್ಕವೂ ಇಲ್ಲ, ಮರಳಿ ಪಡೆಯುವ ದಾರಿಯೂ ಇಲ್ಲ. ಶಿಬಿರದಲ್ಲಿ ಫೋಟೊ ತೆಗೆಸಿಕೊಳ್ಳುತ್ತಾರಲ್ಲ ಎಂದರೆ, ತೆಗೆಸಿಕೊಳ್ಳಲಿ. ಬೆರಕೆಯಿಲ್ಲದ ಮನಸ್ಸು ಅಪರೂಪ ಎಂಬುದು ನಿಜ, ಆದರೆ ಬೆರಕೆಯಲ್ಲಿ ದಯೆಯೂ ಇದೆ ಎಂಬುದು ಅಷ್ಟೇ ನಿಜ. ನಿಸ್ವಾರ್ಥ ಸಾಧ್ಯ. ತನಗೆ ಏನೂ ಸಿಗದಿರುವುದು ಅದರ ಗುರುತಲ್ಲ. ಸಿಗದಿದ್ದರೂ ಮಾಡುತ್ತಿದ್ದೆನೇ ಎಂಬ ಪ್ರಶ್ನೆಗೆ ಹೌದೆನ್ನುವುದು ಅದರ ಗುರುತು. ಈ ಪ್ರಶ್ನೆಯನ್ನು ಪ್ರತಿಯೊಬ್ಬರೂ ತಮ್ಮನ್ನೇ ಕೇಳಿಕೊಳ್ಳಬೇಕು. ಬೇರೆಯವರ ದಾನದಲ್ಲಿ ಸ್ವಾರ್ಥ ಹುಡುಕಲು ಅದನ್ನು ಬಳಸುವವರಿಂದ ಯಾವ ರೋಗಿಗೂ ಒಂದು ಹನಿ ರಕ್ತ ಸಿಕ್ಕಿಲ್ಲ.